ಬೆಕ್ಕಿನ ಇನ್ಸುಲಿನ್ ಮತ್ತು ನಮ್ಮ ಶುದ್ಧಿಯ ಹಂಬಲ

ಮನೆಯಲ್ಲಿ ಸಾಕಿದ ಬೆಕ್ಕಿಗೆ ಮಧುಮೇಹ ತಗಲಿದೆ. ಪಶುವೈದ್ಯರ ಮಾತಿನಂತೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಲಾಗುತ್ತಿದೆ. ಕೆಲವು ವಾರಗಳ ತರುವಾಯ ಆ ಔಷಧವು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದೆಂದು ತಿಳಿದುಬರುತ್ತದೆ. ಈಗ ಮಾಡಬೇಕಾದುದೇನು? ಈ ಪ್ರಶ್ನೆಗೆ ನಮ್ಮವರಿಂದ ಎರಡು ಉತ್ತರಗಳು ಬರುವುದುಂಟು. ಇಂದೇ ನಿಲ್ಲಿಸಿರಿ, ಪ್ರಾಣಿಯ ಕರ್ಮ ಪ್ರಾಣಿಗೆ ಎಂಬುದು ಒಂದು. ಇಂದೇ ಬದಲಿಸಿರಿ, ಯಾವುದಾದರೊಂದು ಶುದ್ಧವಾದ ಇನ್ಸುಲಿನ್ ತನ್ನಿರಿ ಎಂಬುದು ಇನ್ನೊಂದು. ಮೊದಲನೆಯದು ನಿರ್ದಯೆ, ಎರಡನೆಯದು ಆತುರ. ಎರಡೂ ಅಹಿಂಸೆಯ ಹೆಸರನ್ನು ಹೇಳುತ್ತವೆ. ಎರಡರಲ್ಲಿಯೂ ಆ ಬೆಕ್ಕು ಹೇಗಿದೆಯೆಂಬ ವಿಚಾರಣೆಯೇ ಇಲ್ಲ.

ನಿಲ್ಲಿಸಿರಿ ಎನ್ನುವವರ ಮಾತನ್ನು ಮೊದಲು ನೋಡೋಣ. ಇನ್ಸುಲಿನ್ ನಿಂತ ಬೆಕ್ಕು ಸುಮ್ಮನೆ ಮಲಗಿ ಶಾಂತವಾಗಿ ಸಾಯುವುದಿಲ್ಲ. ತಣಿಯದ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ತಿಂದರೂ ಕರಗುವ ಮೈ, ನರಗಳು ಸೋತು ಹಿಮ್ಮಡಿ ನೆಲಕ್ಕೆ ತಾಗುವಂತೆ ಎಳೆಯುವ ಹಿಂಗಾಲು. ಕಡೆಗೆ ರಕ್ತದಲ್ಲಿ ಕೀಟೋನ್ ಆಮ್ಲಗಳು ಏರಿ ವಾಂತಿ, ನಿತ್ರಾಣ, ಮರಣ. ಇದಕ್ಕೆ ಸಲ್ಲೇಖನದ ಹೆಸರನ್ನು ಕೊಡುವವರೂ ಇದ್ದಾರೆ. ತಿರ್ಯಂಚರೂ ವ್ರತ ಹಿಡಿದ ಕಥೆಗಳು ನಮ್ಮ ಪುರಾಣಗಳಲ್ಲಿ ಇವೆ, ನಿಜ. ಆದರೆ ಅಲ್ಲೆಲ್ಲ ವ್ರತವನ್ನು ಹಿಡಿದದ್ದು ಆ ಪ್ರಾಣಿಯೇ ಹೊರತು ಅದರ ಒಡೆಯನಲ್ಲ.

ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳ ಪಾಲನೆಯನ್ನು ನಮ್ಮ ಶ್ರಾವಕಾಚಾರವು ಅನರ್ಥದಂಡದಲ್ಲಿ ಎಣಿಸಿದೆ ಎಂದು ಪಂಡಿತರು ನೆನಪಿಸುತ್ತಾರೆ. ಒಪ್ಪಿದೆ. ಆ ಮಾತು ಮರಿಯನ್ನು ಮನೆಗೆ ತರುವ ಮುನ್ನ ನೆನಪಾಗಬೇಕಿತ್ತು. ಹತ್ತು ವರ್ಷ ಮಡಿಲಲ್ಲಿ ಮಲಗಿದ ಜೀವ ರೋಗಕ್ಕೆ ಬಿದ್ದ ಮೇಲೆ ಅನ್ವಯಿಸುವ ಮಾತು ಬೇರೆಯೇ ಇದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ನಮ್ಮನ್ನೇ ನಂಬಿ ಬದುಕುವ ಪ್ರಾಣಿಗೆ ಆಹಾರವನ್ನು ತಡೆಯುವುದು ದೋಷವಾದರೆ, ಆಹಾರವು ಮೈಗೆ ಹತ್ತಲು ಬೇಕಾದ ಔಷಧವನ್ನು ತಡೆಯುವುದು ಹೇಗೆ ನಿರ್ದೋಷವಾದೀತು?

ಇನ್ನು ಇಂದೇ ಬದಲಿಸಿರಿ ಎನ್ನುವವರು. ಇವರ ಕಳಕಳಿಯನ್ನು ನಾನು ಗೌರವಿಸುತ್ತೇನೆ, ಅವರ ತಿಳಿವಳಿಕೆಯನ್ನಲ್ಲ. ೧೯೨೧ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ನಾಯಿಗಳ ಮೇಲೆ ಪ್ರಯೋಗ ನಡೆಸಿ ಇನ್ಸುಲಿನ್ನಿನ ದಾರಿಯನ್ನು ಕಂಡರು. ೧೯೨೨ರ ಜನವರಿಯಲ್ಲಿ ಒಬ್ಬ ಬಾಲಕನಿಗೆ ಅದನ್ನು ಮೊದಲ ಬಾರಿ ಕೊಡಲಾಯಿತು. ಅಲ್ಲಿಂದ ಆರು ದಶಕಗಳ ಕಾಲ ಮನುಷ್ಯರಿಗೂ ಪ್ರಾಣಿಗಳಿಗೂ ಸಿಕ್ಕ ಇನ್ಸುಲಿನ್ನೆಲ್ಲ ಕಸಾಯಿಖಾನೆಯ ದನ ಹಂದಿಗಳ ಗ್ರಂಥಿಯಿಂದ ಬಂದದ್ದು. ನಮ್ಮ ಅಜ್ಜಂದಿರ ಕಾಲದಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡ ಶ್ರಾವಕರು ಚುಚ್ಚಿಸಿಕೊಂಡದ್ದೂ ಅದನ್ನೇ. ಸೂಕ್ಷ್ಮಾಣುಗಳಲ್ಲಿ ಮಾನವ ಇನ್ಸುಲಿನ್ನನ್ನು ಬೆಳೆಸಿ ತೆಗೆಯುವ ವಿಧಾನಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು ೧೯೮೨ರಲ್ಲಿ. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಪಿಕಿಯಾ ಎಂಬ ಯೀಸ್ಟಿನಿಂದ ತೆಗೆದ ಮಾನವ ಇನ್ಸುಲಿನ್ನನ್ನು ೨೦೦೪ರಲ್ಲಿ, ಗ್ಲಾರ್ಜಿನ್ ಎಂಬ ದೀರ್ಘಕಾಲಿಕ ಇನ್ಸುಲಿನ್ನನ್ನು ೨೦೦೯ರಲ್ಲಿ ಮಾರುಕಟ್ಟೆಗೆ ತಂದಿತು.

ಹಾಗಾದರೆ ಸೀಸೆಯ ಮೇಲೆ ಮಾನವ ಇನ್ಸುಲಿನ್ ಎಂದಿದ್ದರೆ ಸಾಕೆ? ಸಾಲದು. ಔಷಧದಂಗಡಿಯಲ್ಲಿ ಸುಲಭವಾಗಿ ದೊರೆಯುವ ಎನ್‌ಪಿಎಚ್ ಬಗೆಯ ಇನ್ಸುಲಿನ್ನೂ, ಅದನ್ನು ಬೆರೆಸಿದ ಮೂವತ್ತು-ಎಪ್ಪತ್ತರ ಮಿಶ್ರಣವೂ ನಿಧಾನವಾಗಿ ಕೆಲಸ ಮಾಡಲೆಂದು ಪ್ರೋಟಮಿನ್ ಎಂಬ ಪದಾರ್ಥವನ್ನು ಹೊಂದಿರುತ್ತವೆ. ಪ್ರೋಟಮಿನ್ ಸಾಂಪ್ರದಾಯಿಕವಾಗಿ ದೊರೆಯುವುದು ಸಾಲ್ಮನ್ ಜಾತಿಯ ಮೀನಿನ ವೀರ್ಯದಿಂದ. ಬೆಕ್ಕುಗಳಿಗೆಂದೇ ೨೦೦೯ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪ್ರೋಜಿಂಕ್ ಎಂಬುದರಲ್ಲಿಯೂ ಪ್ರೋಟಮಿನ್ ಇದೆ. ಹಂದಿಯನ್ನು ಬಿಟ್ಟು ಮೀನನ್ನು ಹಿಡಿದು ಶುದ್ಧರಾದೆವೆಂದು ನೆಮ್ಮದಿಪಡುವವರಿಗೆ ಇದನ್ನು ಯಾರೂ ಹೇಳಿರಲಾರರು. ಗ್ಲಾರ್ಜಿನ್ನಿನಲ್ಲಿ ಪ್ರೋಟಮಿನ್ ಇಲ್ಲ. ಆದರೆ ಅದರ ತಯಾರಿಕೆಯಲ್ಲಿಯೂ ಸೂಕ್ಷ್ಮಜೀವಿಗಳು ಅಸಂಖ್ಯವಾಗಿ ನಾಶವಾಗುತ್ತವೆ. ಹಿಂಸೆಯ ಸೋಂಕಿಲ್ಲದ ಇನ್ಸುಲಿನ್ ಎಂಬುದಿಲ್ಲ. ಪಂಚೇಂದ್ರಿಯ ಜೀವಿಯ ವಧೆಗೂ ಯೀಸ್ಟಿನ ನಾಶಕ್ಕೂ ನಡುವೆ ತಾರತಮ್ಯವಿದೆ, ಅಷ್ಟೆ. ಆ ತಾರತಮ್ಯ ಸಣ್ಣದಲ್ಲ. ಅದು ಎರಡನೆಯ ವಿಚಾರ ಮಾತ್ರ.

ಮೊದಲನೆಯ ವಿಚಾರ, ಯಾವ ಔಷಧ ಆ ಬೆಕ್ಕಿನ ಮೈಯಲ್ಲಿ ಹನ್ನೆರಡು ಗಂಟೆಗಳ ಕಾಲ ನಿಲ್ಲುತ್ತದೆ ಎಂಬುದು. ಬೆಕ್ಕಿನ ದೇಹವು ಇನ್ಸುಲಿನ್ನನ್ನು ಬೇಗನೆ ಮುಗಿಸಿಬಿಡುತ್ತದೆ. ಎನ್‌ಪಿಎಚ್ ಬಹುತೇಕ ಬೆಕ್ಕುಗಳಲ್ಲಿ ಅಷ್ಟು ಹೊತ್ತು ಬಾಳುವುದೇ ಇಲ್ಲ. ಹಂದಿಯ ಮೂಲದ ಲೆಂಟೆ, ಅಂದರೆ ಕ್ಯಾನಿನ್ಸುಲಿನ್ ಎಂಬ ಹೆಸರಿನದು, ನಾಯಿಗಳಿಗೆ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಹಂದಿಯ ಇನ್ಸುಲಿನ್ನೂ ನಾಯಿಯದೂ ಒಂದೇ ರಚನೆಯವು. ಬೆಕ್ಕುಗಳಲ್ಲಿ ಅದರ ಪ್ರಭಾವ ಅನೇಕ ವೇಳೆ ಹೊತ್ತಿಗೆ ಮುಂಚೆ ಮುಗಿಯುತ್ತದೆ. ದನದ ಇನ್ಸುಲಿನ್ ಬೆಕ್ಕಿನದಕ್ಕಿಂತ ಒಂದೇ ಒಂದು ಅಮೈನೋ ಆಮ್ಲದಲ್ಲಿ ಬೇರೆ, ಮಾನವನದು ನಾಲ್ಕರಲ್ಲಿ ಬೇರೆ, ಆದ್ದರಿಂದ ಪ್ರಾಣಿಮೂಲದ್ದೇ ಬೆಕ್ಕಿಗೆ ಹಿತವೆಂಬ ವಾದವನ್ನು ಕೇಳಿದ್ದೇನೆ. ವಾದ ಅಂದವಾಗಿದೆ, ಬೆಕ್ಕುಗಳು ಅದಕ್ಕೆ ಸಾಕ್ಷಿ ಹೇಳಲಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಜ್ಯಾಕ್ವಿ ರ‍್ಯಾಂಡ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ರೋಗ ಕಂಡ ೨೪ ಬೆಕ್ಕುಗಳನ್ನು ಎಂಟೆಂಟರಂತೆ ಮೂರು ಗುಂಪು ಮಾಡಿದ್ದರು. ಗ್ಲಾರ್ಜಿನ್ ಪಡೆದ ಎಂಟಕ್ಕೆ ಎಂಟೂ ಇನ್ಸುಲಿನ್ನಿನ ಅಗತ್ಯವೇ ಇಲ್ಲದ ಸ್ಥಿತಿಗೆ ಬಂದವು. ಪ್ರೋಟಮಿನ್ ಜಿಂಕ್ ಪಡೆದವುಗಳಲ್ಲಿ ಮೂರು, ಲೆಂಟೆಯಲ್ಲಿ ಎರಡು. ಸಂಖ್ಯೆ ಸಣ್ಣದು, ಅದನ್ನು ಮರೆಯಬಾರದು. ಆದರೂ ದಿಕ್ಕು ಸ್ಪಷ್ಟವಿದೆ.

ಈ ಸ್ಥಿತಿಯನ್ನು ನಮ್ಮ ಪರಿಭಾಷೆಯಲ್ಲಿ ಉಪಶಮವೆನ್ನಬಹುದು, ಕ್ಷಯವೆನ್ನಲಾಗದು, ರೋಗ ಮರಳುವುದುಂಟು. ಅದೇ ವರ್ಷ ಕರ್ಸ್ಟನ್ ರೂಂಪ್ ಮತ್ತು ರ‍್ಯಾಂಡ್ ಪ್ರಕಟಿಸಿದ ೫೫ ಬೆಕ್ಕುಗಳ ವರದಿ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ರೋಗ ಗೊತ್ತಾದ ಆರು ತಿಂಗಳೊಳಗೆ ಗ್ಲಾರ್ಜಿನ್ನಿನ ಬಿಗಿಯಾದ ಚಿಕಿತ್ಸೆಗೆ ಬಂದವುಗಳಲ್ಲಿ ನೂರಕ್ಕೆ ೮೪ ಉಪಶಮ ಹೊಂದಿದರೆ, ತಡವಾಗಿ ಬಂದವುಗಳಲ್ಲಿ ೩೫ ಮಾತ್ರ. ಟ್ರಸ್ಟಿನ ಮುಂದಿನ ಸಭೆಯಲ್ಲಿ ನೋಡೋಣವೆಂದು ತಿಂಗಳುಗಟ್ಟಲೆ ಮುಂದೂಡುವವರು ಈ ಅಂಕಿಗಳನ್ನು ಕಡತದ ಮೇಲೆ ಬರೆದಿಟ್ಟುಕೊಳ್ಳಲಿ.

ಬದಲಿಸಬೇಕೆ ಎಂಬುದನ್ನು ಹೇಳಬೇಕಾದದ್ದು ಬೆಕ್ಕಿನ ರಕ್ತ. ಮನೆಯಲ್ಲಿಯೇ, ಕಿವಿಯಂಚಿನಿಂದ ಒಂದು ತೊಟ್ಟು ರಕ್ತ ತೆಗೆದು, ಹನ್ನೆರಡು ಗಂಟೆಗಳಲ್ಲಿ ಎರಡೆರಡು ಗಂಟೆಗೊಮ್ಮೆ ಗ್ಲುಕೋಮೀಟರಿನಲ್ಲಿ ನೋಡಿದ ಪಟ್ಟಿಯೇ ತಕ್ಕಡಿ. ಆಸ್ಪತ್ರೆಯಲ್ಲಿ ನೋಡಿದರೆ ಭಯದಿಂದಲೇ ಬೆಕ್ಕಿನ ಸಕ್ಕರೆ ಏರಿರುತ್ತದೆ. ಚುಚ್ಚಿದ ಮೇಲೆ ಸಕ್ಕರೆ ಚೆನ್ನಾಗಿ ಇಳಿದು, ಏಳೆಂಟು ಗಂಟೆಗಳಲ್ಲಿಯೇ ಮತ್ತೆ ಏರಿದರೆ ಔಷಧದ ಬಗೆಯನ್ನು ಬದಲಿಸಲು ಅದು ಸಮರ್ಪಕವಾದ ಕಾರಣ. ತೀರ ಕೆಳಕ್ಕೆ ಇಳಿಯುತ್ತಿದ್ದರೆ ತಪ್ಪು ಪ್ರಮಾಣದ್ದು, ಬಗೆಯದ್ದಲ್ಲ. ಇಳಿಯುವುದೇ ಇಲ್ಲವಾದರೆ ಮೊದಲು ಸೀಸೆ ಬಿಸಿಲಿಗೆ ಕೆಟ್ಟಿತೇ, ಹಲ್ಲು ಒಸಡಿನಲ್ಲಿ ಕೀವಿದೆಯೇ, ಚರ್ಮರೋಗಕ್ಕೆಂದು ಸ್ಟೆರಾಯ್ಡ್ ಕೊಟ್ಟಿದ್ದಾರೆಯೇ ಎಂದು ನೋಡಬೇಕು. ಬ್ರಿಟನ್ನಿನಲ್ಲಿ ೧,೨೨೧ ಮಧುಮೇಹಿ ಬೆಕ್ಕುಗಳನ್ನು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು ನಾಲ್ಕರಲ್ಲೊಂದಕ್ಕೆ ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಸ್ರವಿಸುವ ಕಾಯಿಲೆ ಇರಬಹುದೆಂದು ಅಂದಾಜು ಮಾಡಿತು. ಅಂಥ ಬೆಕ್ಕಿಗೆ ಸೀಸೆಯ ಹೆಸರು ಬದಲಿಸಿ ಏನು ಪ್ರಯೋಜನ? ನಾಲ್ಕು ದಿನ ಕೊಟ್ಟು, ಗುಣ ಕಾಣಲಿಲ್ಲವೆಂದು ಮೂರು ಬಗೆಯ ಇನ್ಸುಲಿನ್ ತಿರುವಿಹಾಕುವುದೂ ಸಲ್ಲದು. ಒಂದೊಂದಕ್ಕೂ ಕೆಲವು ವಾರಗಳ ಅವಕಾಶ ಬೇಕು.

ಬದಲಿಸುವುದೆಂದು ನಿಶ್ಚಯವಾದ ದಿನ ನಿಜವಾದ ಅಪಾಯ ಎದುರಾಗುತ್ತದೆ, ಇದನ್ನು ಯಾವ ಶುದ್ಧಿವಾದಿಯೂ ಎಚ್ಚರಿಸಿದ್ದನ್ನು ನಾನು ಕಾಣೆ. ಕ್ಯಾನಿನ್ಸುಲಿನ್ನಿನ ಒಂದು ಮಿಲಿಲೀಟರಿನಲ್ಲಿ ೪೦ ಯೂನಿಟ್, ಗ್ಲಾರ್ಜಿನ್ನಿನಲ್ಲಿ ೧೦೦. ನಮ್ಮ ದೇಶದಲ್ಲಿ ಎರಡೂ ಅಳತೆಯ ಸಿರಿಂಜುಗಳು ಒಂದೇ ಅಂಗಡಿಯಲ್ಲಿ ಮಾರಾಟಕ್ಕಿವೆ, ೪೦ರದಕ್ಕೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ. ಹಳೆಯ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹೊಸ ಔಷಧವನ್ನು ಎರಡರ ಗೆರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡಲ್ಲ, ಐದು ಯೂನಿಟ್. ನಾಲ್ಕೈದು ಕಿಲೋ ತೂಗುವ ಪ್ರಾಣಿಗೆ ಅದು ಸಕ್ಕರೆ ಕುಸಿದು ಸೆಳವು ಬರಲು ಸಾಕು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ ಮುಂದಿಟ್ಟರೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಸಿರಿಂಜಿನ ಮೇಲಿನ ಅಂಕಿಯನ್ನು ಓದದಿರುವುದು ಪ್ರಮಾದವಲ್ಲದೆ ಮತ್ತೇನು? ಹಳೆಯ ಔಷಧ ಹಾಲಿನಂತೆ ಮಸುಕು, ಬೆರೆಯುವಂತೆ ಅಲುಗಿಸಿ ಬಳಸತಕ್ಕದ್ದು. ಗ್ಲಾರ್ಜಿನ್ ನೀರಿನಂತೆ ತಿಳಿ, ಮಸುಕಾದರೆ ಎಸೆಯತಕ್ಕದ್ದು. ಅದಕ್ಕೆ ನೀರನ್ನಾಗಲಿ ಬೇರೆ ಇನ್ಸುಲಿನ್ನನ್ನಾಗಲಿ ಬೆರೆಸುವಂತಿಲ್ಲ. ಹಳೆಯ ಯೂನಿಟ್ ಲೆಕ್ಕವನ್ನು ಹಾಗೆಯೇ ಮುಂದುವರಿಸದೆ, ಹೊಸದಾಗಿ ಎಷ್ಟರಿಂದ ಆರಂಭಿಸಬೇಕೆಂದು ವೈದ್ಯರಿಂದಲೇ ಕೇಳಬೇಕು. ಪರ್ವದಿನ ಮನೆಯವರಿಗೆಲ್ಲ ಉಪವಾಸವಿರಬಹುದು, ಬೆಕ್ಕಿಗಿಲ್ಲ. ಅದು ತಿನ್ನದ ಹೊತ್ತಿನಲ್ಲಿ ವೈದ್ಯರನ್ನು ಕೇಳದೆ ಪೂರ್ಣ ಪ್ರಮಾಣವನ್ನು ಚುಚ್ಚಬಾರದು.

ಈಗ ಕೆಲವರಿಗೆ ಕಹಿಯಾಗುವ ಮಾತು. ಸೂಜಿಯ ತುದಿಯ ಹನಿಯ ಮೂಲವನ್ನು ಕುರಿತು ಗಂಟೆಗಟ್ಟಲೆ ಚರ್ಚಿಸುವ ಮನೆಯಲ್ಲಿಯೇ ಬೆಕ್ಕಿನ ತಟ್ಟೆಯಲ್ಲಿ ಹಾಲು ಅನ್ನ ಇರುತ್ತದೆ. ಅನ್ನ ಪಿಷ್ಟ, ಹಾಲಿನಲ್ಲಿರುವುದು ಸಕ್ಕರೆ. ಬೆಕ್ಕು ಮಾಂಸಾಹಾರಕ್ಕೆಂದೇ ರೂಪುಗೊಂಡ ಶರೀರ; ಟಾರಿನ್ ಎಂಬ ಪೋಷಕಾಂಶ ಸಾಲದಾದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಟಾರಿನ್ನನ್ನು ಕೃತಕವಾಗಿ ಸೇರಿಸಬಹುದು. ಆದರೆ ಧಾನ್ಯ ಬೇಳೆಗಳ ಸಸ್ಯಾಹಾರದಲ್ಲಿ ಪಿಷ್ಟವನ್ನು ತಗ್ಗಿಸುವುದು ಕಷ್ಟ, ಮಧುಮೇಹಿ ಬೆಕ್ಕಿಗೆ ಬೇಕಾದದ್ದು ಪಿಷ್ಟ ತೀರ ಕಡಿಮೆಯಿರುವ ಆಹಾರ. ಮೇಲೆ ಹೇಳಿದ ೨೪ ಬೆಕ್ಕುಗಳೂ ಅಂಥ ಆಹಾರದ ಮೇಲೆಯೇ ಇದ್ದವು. ತಟ್ಟೆಯನ್ನು ಹಾಗೆಯೇ ಇಟ್ಟು ಇನ್ಸುಲಿನ್ನನ್ನಷ್ಟೇ ಬದಲಿಸುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ ಮಾಡುವ ಕೆಲಸ. ಅದಕ್ಕೆ ತಕ್ಕ ಆಹಾರವನ್ನು ಬಡಿಸಲು ವ್ರತ ಅಡ್ಡಬರುವುದಾದರೆ, ಬಡಿಸಬಲ್ಲ ಮನೆಯೊಂದಕ್ಕೆ ಬೆಕ್ಕನ್ನು ಒಪ್ಪಿಸುವುದು ಪ್ರಾಮಾಣಿಕ ಮಾರ್ಗ. ಆಹಾರ ಬದಲಾದರೆ ಇನ್ಸುಲಿನ್ನಿನ ಅಗತ್ಯವೂ ಇಳಿಯುತ್ತದೆ. ಆದ್ದರಿಂದ ಎರಡನ್ನೂ ಒಂದೇ ದಿನ ವೈದ್ಯರಿಗೆ ಹೇಳದೆ ಬದಲಿಸಕೂಡದು.

ಸೂಜಿಯೇ ಬೇಡ, ಮಾತ್ರೆ ಬಂದಿದೆಯಂತಲ್ಲ ಎಂದು ಕೇಳುವವರಿದ್ದಾರೆ. ಬೆಕ್ಸಾಗ್ಲಿಫ್ಲೋಜಿನ್ ಎಂಬುದಕ್ಕೆ ೨೦೨೨ರಲ್ಲಿ, ವೆಲಾಗ್ಲಿಫ್ಲೋಜಿನ್ ಎಂಬುದಕ್ಕೆ ೨೦೨೩ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು ನಿಜ. ಅದು ಹಿಂದೆ ಇನ್ಸುಲಿನ್ ಪಡೆಯದ ಬೆಕ್ಕುಗಳಿಗೆ ಮಾತ್ರ. ಈಗಾಗಲೇ ಇನ್ಸುಲಿನ್ ಮೇಲಿರುವ ಬೆಕ್ಕನ್ನು ಅದಕ್ಕೆ ದಾಟಿಸಿದರೆ ಕೀಟೋನ್ ಏರುವ ಅಪಾಯವಿದೆ.

ಪಾಂಜರಪೋಳಗಳನ್ನು ನಡೆಸುವ, ಬಸದಿಯ ಆವರಣದಲ್ಲಿ ಬೆಕ್ಕುಗಳಿಗೆ ಆಶ್ರಯ ಕೊಟ್ಟಿರುವ ಟ್ರಸ್ಟುಗಳವರಲ್ಲಿ ನನ್ನ ಒತ್ತಾಯ ಇಷ್ಟು. ಪ್ರಾಣಿಮೂಲದ ಇನ್ಸುಲಿನ್ ನಿಷಿದ್ಧವೆಂದು ಒಂದು ಸಾಲಿನ ಠರಾವು ಮಾಡಿ ಕೈತೊಳೆದುಕೊಳ್ಳಬೇಡಿರಿ. ರೋಗಿ ಬೆಕ್ಕು ಇದ್ದಲ್ಲಿ ಗ್ಲುಕೋಮೀಟರ್ ಕೊಳ್ಳಿರಿ; ಬೆಳಿಗ್ಗೆ ಏಳಕ್ಕೂ ಸಂಜೆ ಏಳಕ್ಕೂ ಚುಚ್ಚುವವರು ಯಾರು, ಅವರು ಪಂಚಕಲ್ಯಾಣಕ್ಕೆ ಊರಿಗೆ ಹೋದರೆ ಬದಲಿ ಯಾರು ಎಂಬುದನ್ನು ಬರೆದಿಡಿರಿ. ವೈದ್ಯರು ಬಗೆಯನ್ನು ಬದಲಿಸಲು ಒಪ್ಪಿದರೆ ಗ್ಲಾರ್ಜಿನ್ನಿಗೆ ಹಣ ಮಂಜೂರು ಮಾಡಿರಿ. ಅವರು ಈಗ ಬೇಡವೆಂದರೆ, ಹಂದಿಯ ಮೂಲದ ಆ ಸೀಸೆಯನ್ನೇ ಶೀತಪೆಟ್ಟಿಗೆಯಲ್ಲಿ ಜೋಪಾನವಾಗಿ ಇರಿಸಿ, ಹೊತ್ತು ತಪ್ಪದೆ ಕೊಡಿರಿ. ಹೊಸ ಔಷಧ ಬಂದ ದಿನ ಹಳೆಯ ಕೆಂಪು ಮುಚ್ಚಳದ ಸಿರಿಂಜುಗಳನ್ನು ಆ ಕೋಣೆಯಿಂದ ಹೊರಗೆ ಹಾಕಿಸಿರಿ.