ಮೊಳೆ ಮುಳುಗಲಿ, ಪ್ರಶ್ನೆ ಮುಳುಗದಿರಲಿ

ಬಕೆಟ್ ನೀರಿಗೆ ಹಾಕಿದ ಕಬ್ಬಿಣದ ಮೊಳೆ ಮುಳುಗುತ್ತದೆ. ಕಬ್ಬಿಣದ ತಗಡಿನ ಖಾಲಿ ಡಬ್ಬ ತೇಲುತ್ತದೆ. ಯಾಕೆ ಅಂತ ಅಂಗನವಾಡಿ ಮಗು ಕೇಳಿದರೆ "ಸುಮ್ನೆ ಕೂತ್ಕೊ" ಅನ್ನುವುದು ಪಾಠವೇ?

ಕಬ್ಬಿಣಕ್ಕೆ ಹೆಸರಾದ ಭದ್ರಾವತಿ ಪಕ್ಕದಲ್ಲಿದೆ. 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲೇ ಇದೆ. ಆದರೂ ಪುಟ್ಟ ಮಕ್ಕಳಿಗೆ ಕಲಿಸಲು ತರಬೇತಿಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳಿಗೆ ವಿಜ್ಞಾನ ಎಂದರೆ ಬಾಯಿಪಾಠ. ತಪ್ಪು ಅವರದಲ್ಲ, ಅವರಿಗೆ ಕಲಿಸಿದ್ದೇ ಹಾಗೆ. ಗ್ರಹ ಒಂಬತ್ತು ಅಂತ ಉರು ಹೊಡೆಸಿದರು. 2006ರಲ್ಲಿ ವಿಜ್ಞಾನಿಗಳೇ ಪ್ಲೂಟೊವನ್ನು ಪಟ್ಟಿಯಿಂದ ಕೈಬಿಟ್ಟರು. ಹಾಗಾದರೆ ವಿಜ್ಞಾನ ಸುಳ್ಳೇ? ಅಲ್ಲ ಸ್ವಾಮಿ! ಹೊಸ ಸಾಕ್ಷಿ ಸಿಕ್ಕಾಗ ಹಳೆಯದನ್ನು ತಿದ್ದಿಕೊಳ್ಳುವುದೇ ವಿಜ್ಞಾನ.

ವೈಜ್ಞಾನಿಕ ಮನೋಭಾವ ಪ್ರಜೆಯ ಕರ್ತವ್ಯ ಎಂದು 1976ರ ತಿದ್ದುಪಡಿಯಲ್ಲೇ ಸಂವಿಧಾನಕ್ಕೆ ಸೇರಿತು. ಅದು ಕಾಗದದಲ್ಲೇ ಉಳಿಯಬೇಕೆ?

ತರಬೇತಿಯಲ್ಲಿ ಆ ಬಕೆಟ್ಟನ್ನು ಮೊದಲು ಟೀಚರಮ್ಮನವರ ಮುಂದಿಡಲಿ. ಅವರೇ ಊಹಿಸಲಿ, ಮಾಡಿ ನೋಡಲಿ, ತಪ್ಪಿದರೆ ತಪ್ಪಲಿ. ಆಮೇಲೆ ಮಗುವಿಗೆ "ನೀನೇ ಹಾಕಿ ನೋಡು ಪುಟ್ಟಾ" ಅನ್ನುವ ಧೈರ್ಯ ತಾನಾಗಿ ಬರುತ್ತದೆ. ಖರ್ಚೆಷ್ಟು? ಒಂದು ಬಕೆಟ್ ಭದ್ರಾ ನೀರು, ನಾಲ್ಕು ಮೊಳೆ, ಒಂದು ಖಾಲಿ ಡಬ್ಬ.