ಮಂಗನ ಕಾಯಿಲೆಗೆ ಇಲಾಖೆ ಯಾವುದು?

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸಾಯತೊಡಗಿದವು. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಆ ಜ್ವರ ಮಲೆನಾಡಿನ ಮೂಲಕ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ದಿಗಿಲು ಅವರದು. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಸಂಗಡಿಗರು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರವಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮಿದುಳುಜ್ವರದ ಬಳಗಕ್ಕೆ ಸೇರಿದ, ಜಗತ್ತಿಗೆ ಅಲ್ಲಿಯವರೆಗೆ ಗೊತ್ತಿಲ್ಲದ ವೈರಸ್ ಅದು. ಪುಸ್ತಕಗಳಲ್ಲಿ ಅದಕ್ಕೆ ಕ್ಯಾಸನೂರಿನ ಹೆಸರು ನಿಂತಿತು. ಊರವರ ಬಾಯಲ್ಲಿ ಅದು ಮಂಗನ ಕಾಯಿಲೆ.

ಆ ಕಾಲದ ಸಂಶೋಧನೆಯ ಕಥೆ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಸಾಗರದಲ್ಲೊಂದು ಕ್ಷೇತ್ರ ಕೇಂದ್ರ ತೆರೆಯಿತು. ಕೀಟಶಾಸ್ತ್ರಜ್ಞ ಪಿ.ಕೆ. ರಾಜಗೋಪಾಲನ್ ವರ್ಷಗಟ್ಟಲೆ ಆ ಕಾಡುಗಳಲ್ಲಿ ಉಣುಗು ಹೆಕ್ಕಿದರು. ವಲಸೆ ಹಕ್ಕಿಗಳೇನಾದರೂ ಸೈಬೀರಿಯಾದಿಂದ ವೈರಸ್ ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಾಗ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಹಾರಿಬಿಡುವ ದೊಡ್ಡ ಕೆಲಸಕ್ಕೆ ಇಳಿದರು. ಕೊಲಂಬಿಯಾದಿಂದ ಬಂದ ವೈದ್ಯ ಹೋರ್ಹೆ ಬೊಶೆಲ್ 1969ರಲ್ಲಿ ಬರೆದ ಪ್ರಬಂಧ ಇಡೀ ಚಿತ್ರವನ್ನು ಬಿಡಿಸಿಟ್ಟಿತು. ಕಾಡು ಕಡಿದು ಗದ್ದೆ ಮಾಡಿದಾಗ ಕಾಡಂಚು ಹುಟ್ಟುತ್ತದೆ. ಅಲ್ಲಿ ಲಂಟಾನದಂಥ ಪೊದೆ ಬೆಳೆಯುತ್ತದೆ. ಊರಿನ ದನ ಅಲ್ಲಿಗೆ ಮೇಯಲು ಹೋಗುತ್ತವೆ. ಬೆಳೆದ ಉಣುಗುಗಳಿಗೆ ದನದ ಮೈ ಸಮೃದ್ಧವಾದ ಊಟ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಅದರ ರಕ್ತ ಕುಡಿದ ಉಣುಗುಗಳು ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಂಸಾರ ಬೆಳೆಸುತ್ತವೆ. ಮರಿ ಉಣುಗುಗಳು ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಮಂಗ, ಮುಸಿಯ, ಇಲಿ, ಮನುಷ್ಯ ಎಂದು ನೋಡದೆ ಕಚ್ಚುತ್ತವೆ. ಮಂಗ ಸತ್ತು ಬಿದ್ದಲ್ಲಿ ಅದರ ಮೈಯಿಂದ ಇಳಿದ ವೈರಸ್ ತುಂಬಿದ ಉಣುಗುಗಳು ಅದೇ ನೆಲದಲ್ಲಿ ಉಳಿಯುತ್ತವೆ. ಉದುರಿದ ಒಣ ಎಲೆ, ಅಂದರೆ ದರಕು ಗುಡಿಸಲು ಅಲ್ಲಿಗೆ ಬಂದವರಿಗೆ ಜ್ವರ ಬರುತ್ತದೆ.

ಅಂದರೆ ಇದು ನೆಲ ಬಳಕೆಯ ಕಾಯಿಲೆ, ದನ ಸಾಕಣೆಯ ಕಾಯಿಲೆ, ಕಾಡಿನ ಕಾಯಿಲೆ; ಕಟ್ಟಕಡೆಯಲ್ಲಿ ಮಾತ್ರ ಆಸ್ಪತ್ರೆಯ ಕಾಯಿಲೆ. ಇಷ್ಟು ಗೊತ್ತಾಗಿ ಅರ್ಧ ಶತಮಾನ ಕಳೆದಿದೆ. ಗೊತ್ತಾದ ಮೇಲೂ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡು ಕಡಿದರು, ಅದರ ಬೆನ್ನಿಗೇ ಅಲ್ಲಿ ಕಾಯಿಲೆ ಸ್ಫೋಟಿಸಿತು. ಬೊಶೆಲ್ ಹೇಳಿದ ಮಾತು ಗೇರು ನೆಡುವವರ ಮೇಜಿನವರೆಗೆ ತಲುಪಲೇ ಇಲ್ಲ. 2012ರ ಕೊನೆಗೆ ಬಂಡೀಪುರ, ಆಮೇಲೆ ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಇಡೀ ಪಶ್ಚಿಮ ಘಟ್ಟದುದ್ದಕ್ಕೂ ಕಾಯಿಲೆ ಕಾಣಿಸಿಕೊಂಡಿತು.

ಈಚಿನ ವರ್ಷಗಳಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಈ ಕಾಯಿಲೆಯ ಅಪಾಯದ ನಕ್ಷೆ ಮಾಡಿದ್ದಾರೆ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ನಿತ್ಯಹಸಿರು ಕಾಡು ಮತ್ತು ತೋಟ ಒಂದಕ್ಕೊಂದು ಹೆಣೆದುಕೊಂಡ, ನಾಟಿ ದನ ಹೆಚ್ಚಿರುವ ಕಡೆ ಜನರಿಗೆ ಕಾಯಿಲೆ ತಗಲುವ ಸಂಭವ ಜಾಸ್ತಿ. ಇಲ್ಲಿನ ನಾಟಿ ದನ ಮಲೆನಾಡು ಗಿಡ್ಡ ಕಟ್ಟಿ ಹಾಕಿ ಸಾಕುವ ತಳಿಯಲ್ಲ, ಅದು ಬೆಟ್ಟ ಸುತ್ತಿ ಮೇದು ಬರುವ ದನ. ಅಡಿಕೆ ತೋಟವೂ ಸೊಪ್ಪಿನ ಬೆಟ್ಟವೂ ಅಕ್ಕಪಕ್ಕ ಇರುವುದೇ ಅಲ್ಲಿನ ಬೇಸಾಯದ ಕ್ರಮ. ಹಾಗಾಗಿ ನಕ್ಷೆಯಲ್ಲಿ ಅಪಾಯದ ಬಣ್ಣ ಬಿದ್ದ ಜಾಗ ಎಂದರೆ ಸಾವಿರಾರು ಮನೆಗಳ ಬದುಕು ನಡೆಯುವ ಜಾಗ. ಅದೇ ಬಳಗದ ಕೆಲವರು ಇಲಾಖೆಗಳ ಅಧಿಕಾರಿಗಳನ್ನು ಮಾತಾಡಿಸಿ, ಜನರ ಆರೋಗ್ಯ, ಪಶುಪಾಲನೆ ಮತ್ತು ಅರಣ್ಯ ವಿಭಾಗಗಳು ಕೂಡಿ ಕೆಲಸ ಮಾಡಲು ಏನು ಅಡ್ಡಿ ಎಂಬುದನ್ನೂ ಪರಿಶೀಲಿಸಿದರು. ಆಡಳಿತವನ್ನೇ ಅಧ್ಯಯನದ ವಸ್ತು ಮಾಡಿದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಉಣುಗಿನ ಬಗ್ಗೆ ನಾವು ಕಲಿತದ್ದು ಬಹಳ. ಉಣುಗಿನ ಕಡತ ಯಾವ ಮೇಜಿನಲ್ಲಿ ನಿಲ್ಲುತ್ತದೆ ಎಂಬುದರ ಬಗ್ಗೆ ಕಲಿತದ್ದು ತೀರಾ ಕಡಿಮೆ.

ಕಡತ ಯಾಕೆ ಹರಿದು ಹಂಚಿಹೋಗುತ್ತದೆ ಎಂಬುದಕ್ಕೆ ಉತ್ತರ ಸಂವಿಧಾನದ ಏಳನೇ ಅನುಸೂಚಿಯಲ್ಲೇ ಸಿಗುತ್ತದೆ. ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ 6ನೇ ನಮೂದು. ಪ್ರಾಣಿಗಳ ರೋಗ ತಡೆ ಅದೇ ಪಟ್ಟಿಯ 15ನೇ ನಮೂದು. ಅರಣ್ಯ ಮತ್ತು ವನ್ಯಜೀವಿ 1976ರ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಗೆ ಹೋದವು. ಮಂಗನ ಕಾಯಿಲೆ ಈ ಮೂರಕ್ಕೂ ಸೇರುತ್ತದೆ. ಹೀಗಾಗಿ ಮಂಗ ಅರಣ್ಯ ಇಲಾಖೆಯದು, ದನದ ಮೈಮೇಲಿನ ಉಣುಗು ಪಶುಪಾಲನಾ ಇಲಾಖೆಯದು, ಜ್ವರ ಬಂದ ಹೆಂಗಸು ಆರೋಗ್ಯ ಇಲಾಖೆಯವಳು, ಅವಳ ಮನೆಯ ಅಡಿಯ ನೆಲ ಕಂದಾಯ ಇಲಾಖೆಯದು.

ಆದರೆ ಅದೇ ಸಮವರ್ತಿ ಪಟ್ಟಿಯ 29ನೇ ನಮೂದನ್ನು ಓದಬೇಕು. ಮನುಷ್ಯರಿಗೆ, ಪ್ರಾಣಿಗಳಿಗೆ ಅಥವಾ ಸಸ್ಯಗಳಿಗೆ ತಗಲುವ ಸಾಂಕ್ರಾಮಿಕ ರೋಗ ಮತ್ತು ಪೀಡೆಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವ ವಿಷಯ ಅಲ್ಲಿದೆ. ಮನುಷ್ಯ, ಪ್ರಾಣಿ, ಸಸ್ಯ ಮೂರನ್ನೂ ಒಂದೇ ನಮೂದಿನಲ್ಲಿ ಕೂಡಿಸಿಟ್ಟರು ನಮ್ಮ ಸಂವಿಧಾನ ಬರೆದವರು. ಐದು ರಾಜ್ಯಗಳಲ್ಲಿ ಕಾಣಿಸಿಕೊಂಡ ಕಾಯಿಲೆಗೆ ಇದಕ್ಕಿಂತ ಗಟ್ಟಿಯಾದ ಕಾನೂನಿನ ಬುನಾದಿ ಇನ್ನೇನು ಬೇಕು? ಮನುಷ್ಯ, ಪ್ರಾಣಿ, ಪರಿಸರದ ಆರೋಗ್ಯವನ್ನು ಒಂದಾಗಿ ನೋಡುವ ಒನ್ ಹೆಲ್ತ್ ಎಂಬ ಹೆಸರಿನಲ್ಲಿ ಈಗ ರಾಷ್ಟ್ರೀಯ ಮಿಷನ್ ಬಂದಿದೆ, ಸಂತೋಷ. ಆ ಮಿಷನ್ನಿನ ಕಾಗದ ಸಾಗರ, ತೀರ್ಥಹಳ್ಳಿ, ಸಿದ್ದಾಪುರ ತಾಲ್ಲೂಕುಗಳ ಕಚೇರಿಯಲ್ಲಿ ಯಾರ ಕೆಲಸವಾಗಿ ಬದಲಾಗುತ್ತದೆ ಎಂದು ನಾನು ಕಾದು ನೋಡುತ್ತಿದ್ದೇನೆ.

ಕಾನೂನಿನ ಇನ್ನೊಂದು ಮೂಲೆ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಪ್ರಕರಣದಂತೆ ಸತ್ತು ಬಿದ್ದ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅದು ಯಾರ ಕೈಗಾದರೂ ಬಂದರೆ ಅವರು 48 ಗಂಟೆಯೊಳಗೆ ತಿಳಿಸಬೇಕು. 2009ರಲ್ಲಿ ಬಂದ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಪ್ರಾಣಿಯ ಒಡೆಯನ ಮೇಲೆ, ಅದರ ಉಸ್ತುವಾರಿ ಹೊತ್ತವರ ಮೇಲೆ ವರದಿಯ ಹೊಣೆ ಹೊರಿಸುತ್ತದೆ. ಮಂಗಕ್ಕೆ ಒಡೆಯನಿಲ್ಲ, ಇದ್ದರೆ ಅದು ಸರ್ಕಾರವೇ. ಪ್ರಜೆಗೆ ಗಡುವು ಹಾಕಿದ ಕಾನೂನು, ಸುದ್ದಿ ತಲುಪಿದ ಮೇಲೆ ಸರ್ಕಾರ ಎಷ್ಟು ಗಂಟೆಯೊಳಗೆ ಬಂದು ಮರಣೋತ್ತರ ಪರೀಕ್ಷೆ ಮಾಡಿ, ಸುತ್ತಲಿನ ನೆಲಕ್ಕೆ ಔಷಧಿ ಹೊಡೆದು, ಊರಿಗೆ ಫಲಿತಾಂಶ ಹೇಳಬೇಕು ಎಂಬುದಕ್ಕೂ ಅಷ್ಟೇ ಬಿಗಿಯಾದ ಗಡುವು ಹಾಕಬೇಕು. ಮಂಗನ ಸಾವೇ ಈ ಕಾಯಿಲೆಯ ಮುನ್ಸೂಚನೆ ಎಂದಾದ ಮೇಲೆ, ಒಂದು ವಾರ ತಡವಾದ ಫಲಿತಾಂಶಕ್ಕೆ ಮುನ್ಸೂಚನೆಯ ಬೆಲೆ ಉಳಿಯುವುದಿಲ್ಲ.

ಇನ್ನು ಮನಸ್ಸಿನ ಮಾತು. ನಮ್ಮಲ್ಲಿ ಅತಿ ಕಡಿಮೆ ಕೆಲಸವಾದದ್ದು ಇಲ್ಲೇ.

ಕಾಯಿಲೆ ಬಂದಾಗಲೆಲ್ಲ ಕೇಳುವ ಮಾತು, ಜನರಿಗೆ ಅರಿವಿಲ್ಲ. ಕಾಡಿಗೆ ಹೋಗಬೇಡಿ ಎಂದರೂ ಹೋಗುತ್ತಾರೆ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೊಟ್ಟರೂ ಹಚ್ಚುವುದಿಲ್ಲ, ಲಸಿಕೆಗೆ ಕರೆದರೆ ಬರುವುದಿಲ್ಲ. ಅಪಾಯವನ್ನು ಮನುಷ್ಯ ಹೇಗೆ ಅಳೆಯುತ್ತಾನೆ ಎಂಬುದರ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೊವಿಕ್ 1987ರಲ್ಲಿ ಬರೆದ ಪ್ರಬಂಧ ಪ್ರಸಿದ್ಧ. ಅಪರಿಚಿತವಾದದ್ದು, ಭೀಕರವಾಗಿ ಕಾಣುವುದು, ತನ್ನ ಹಿಡಿತದಲ್ಲಿಲ್ಲದ್ದು, ಇವುಗಳಿಗೆ ಮನಸ್ಸು ಹೆಚ್ಚು ಹೆದರುತ್ತದೆ. ದಿನಾ ಒಡನಾಡುವ ಅಪಾಯ ಸಣ್ಣದಾಗಿ ಕಾಣುತ್ತದೆ. ಹುಟ್ಟಿದಾಗಿನಿಂದ ಉಣುಗು ಕಿತ್ತು ಬಿಸಾಡಿ ಬೆಳೆದವರಿಗೆ ಉಣುಗು ಅಪರಿಚಿತವಲ್ಲ. ಅವರು ನಿಜವಾಗಿ ಹೆದರುವುದು ಆಸ್ಪತ್ರೆಯ ಖರ್ಚಿಗೆ, ಮುರಿದುಹೋಗುವ ಕೂಲಿಗೆ. ಅವರ ಲೆಕ್ಕ ಅವರ ಬದುಕಿನೊಳಗೆ ಸರಿಯಾಗಿಯೇ ಇದೆ. ಕೊಟ್ಟಿಗೆಗೆ ದರಕು ಬೇಕು, ಒಲೆಗೆ ಸೌದೆ ಬೇಕು, ತೋಟಕ್ಕೆ ಸೊಪ್ಪು ಬೇಕು, ಈ ಮೂರೂ ಕಾಡಿನಲ್ಲಿವೆ. ಮರಿ ಉಣುಗು ಏಳುವ ತಿಂಗಳುಗಳೇ ದರಕು ಉದುರುವ ತಿಂಗಳುಗಳೂ ಹೌದು. ಕಾಡಿಗೆ ಹೋಗಬೇಡಿ ಎಂಬ ಪ್ರಕಟಣೆಯನ್ನು ಬರೆದವರು ಇದನ್ನು ಯೋಚಿಸಿದ್ದರೆ ಅದರ ಎರಡನೇ ಸಾಲಿನಲ್ಲಿ ಬದಲಿ ಏನು ಎಂದು ಬರೆಯುತ್ತಿದ್ದರು.

ಲಸಿಕೆಯದು ಇನ್ನೂ ನೋವಿನ ಅಧ್ಯಾಯ. ಬೆಂಗಳೂರಿನ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಆ ಚುಚ್ಚುಮದ್ದನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷವರ್ಷ ಬೂಸ್ಟರ್ ಎಂದು ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು, ಬಾತುಕೊಳ್ಳುತ್ತಿತ್ತು. 2005ರಿಂದ 2010ರವರೆಗಿನ ಅಂಕಿಅಂಶ ಪರಿಶೀಲಿಸಿದ ಅಧ್ಯಯನ ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83ರಷ್ಟು ರಕ್ಷಣೆ ಎಂದು ಕಂಡುಕೊಂಡಿತು. ಕೈ ನೋಯಿಸಿಕೊಂಡು ಜನ ಚುಚ್ಚಿಸಿಕೊಂಡರು. ಕೊನೆಗೆ, ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಎಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ಸೇರಿ ಹೊಸ ಲಸಿಕೆ ಸಿದ್ಧಪಡಿಸುತ್ತಿವೆ. ಅದು ಬರಲಿ, ಬೇಗ ಬರಲಿ. ಆದರೆ ಹಳೆಯದನ್ನು ನಂಬಿ ತೋಳು ಚಾಚಿದವರೆದುರು ಕೂತು, ಅದು ಏಕೆ ಸೋತಿತು, ಹೊಸದು ಹೇಗೆ ಬೇರೆ ಎಂದು ಹೇಳುವವರು ಯಾರು? ಆಶಾ ಕಾರ್ಯಕರ್ತೆಯ ಹೆಗಲಿಗೆ ಆ ಭಾರವನ್ನೂ ಹಾಕಿ ಕೈತೊಳೆದುಕೊಂಡರೆ ಹೊಸ ಲಸಿಕೆಯೂ ಖಾಲಿ ಕುರ್ಚಿಗಳ ಮುಂದೆ ಕೂರಬೇಕಾಗುತ್ತದೆ.

ಪ್ರಾಣಿಗಳ ರೋಗ ಮನುಷ್ಯರ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಶ್ರದ್ಧೆಯಿಂದ ದಾಖಲಿಸಿದ ಒಂದು ಉದಾಹರಣೆ ನನ್ನನ್ನು ಬಿಟ್ಟು ಹೋಗಿಲ್ಲ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಬಂದಾಗ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದು ಸುಟ್ಟರು, ಹೂಳಿದರು. ಅತಿ ಹೆಚ್ಚು ಪೆಟ್ಟು ತಿಂದ ಕಂಬ್ರಿಯಾದಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 54 ಜನರ ಕೈಗೆ ದಿನಚರಿ ಪುಸ್ತಕ ಕೊಟ್ಟು, 18 ತಿಂಗಳು ವಾರವಾರವೂ ಬರೆಸಿದರು. ರೈತರು, ಪಶುವೈದ್ಯರು, ಲಾರಿ ಓಡಿಸುವವರು, ಕೊಲ್ಲುವ ಕೆಲಸಕ್ಕೆ ನೇಮಕವಾದವರು, ಎಲ್ಲರೂ ಬರೆದರು. 2005ರಲ್ಲಿ ಫಲಿತಾಂಶ ಬಂತು. ಮನೆಯವರನ್ನು ಕಳೆದುಕೊಂಡಂಥ ದುಃಖ, ಇನ್ನೊಂದು ಅನಾಹುತ ಬಂದೀತೆಂಬ ಭಯ, ಅಧಿಕಾರಸ್ಥರ ಮೇಲೆ ಕಳೆದುಹೋದ ವಿಶ್ವಾಸ, ಊರಿನವರ ಸ್ವಂತ ತಿಳಿವಳಿಕೆಗೆ ಬೆಲೆ ಸಿಗಲಿಲ್ಲವೆಂಬ ನೋವು ಆ ದಿನಚರಿಗಳಲ್ಲಿ ತುಂಬಿದ್ದವು. ಇದಕ್ಕೆ ಕಾಯಿಲೆಯೆಂದು ಹೆಸರಿಟ್ಟು ಮಾತ್ರೆ ಕೊಡುವುದಕ್ಕಿಂತ ಆಡಳಿತ ನಡೆದುಕೊಂಡ ರೀತಿಯನ್ನು ತಿದ್ದಬೇಕು ಎಂಬುದು ಆ ಬರಹವನ್ನು ಓದಿದ ಯಾರಿಗಾದರೂ ತಿಳಿಯುತ್ತದೆ.

ಅಂಥದೊಂದು ದಿನಚರಿ ಅರಳಗೋಡಿನಲ್ಲಿ ಬರೆಸಬೇಕಿತ್ತು. ಸಾಗರ ತಾಲ್ಲೂಕಿನ ಆ ಪಂಚಾಯಿತಿಯಲ್ಲಿ 2018ರ ಕೊನೆಗೆ ಶುರುವಾದ ಜ್ವರಕ್ಕೆ ಕೆಲವೇ ತಿಂಗಳಲ್ಲಿ ಒಬ್ಬರ ಹಿಂದೆ ಒಬ್ಬರು ಹೋದರು. ಶರಾವತಿ ಹಿನ್ನೀರಿನ ಸೀಮೆ ಅದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಮುಳುಗಿಸಿದ ಊರುಗಳವರು ಕಾಡಿನೊಳಗೆ ಹೊಸದಾಗಿ ಮನೆ ಕಟ್ಟಿಕೊಂಡರು. ಅವರಲ್ಲಿ ಅನೇಕರ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷವಾದರೂ ಬಗೆಹರಿದಿಲ್ಲ. ರಾಜ್ಯಕ್ಕೆ ಬೆಳಕು ಕೊಡಲು ಮನೆ ಬಿಟ್ಟವರನ್ನು ಕಾನೂನು ಕಾಡಿನ ಒತ್ತುವರಿದಾರರೆಂದು ನೋಡುತ್ತದೆ. ತನ್ನ ನೆಲದ ಮೇಲೆ ತನಗೇ ಹಕ್ಕಿಲ್ಲವೆಂದು ದಿನಾ ಅನಿಸುವ ಮನುಷ್ಯ, ಸತ್ತ ಮಂಗದ ಸುದ್ದಿ ತಿಳಿಸಲು ಅರಣ್ಯ ಇಲಾಖೆಗೆ ನಿರಾಳವಾಗಿ ಫೋನ್ ಮಾಡುತ್ತಾನೆಯೇ? ಭೂಮಿಯ ಕಾನೂನು, ಪ್ರಾಣಿಯ ರೋಗ, ಮನಸ್ಸಿನ ಅಳುಕು, ಆಡಳಿತದ ನಡೆ ಇವೆಲ್ಲ ಕೂಡಿಬರುವುದು ಆ ಒಂದು ಫೋನ್ ಕರೆಯಲ್ಲಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಕಟ್ಟಡಗಳಿವೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯೂ ಕಾನೂನು ಓದುವವರೂ ಮನಶ್ಶಾಸ್ತ್ರದ ಸಂಶೋಧಕರೂ ಒಂದೇ ಪಂಚಾಯಿತಿಯಲ್ಲಿ ಒಂದು ಋತು ಒಟ್ಟಿಗೆ ಕಳೆಯುವಂತಾದರೆ, ಪ್ರಯೋಗಾಲಯದಲ್ಲಿ ಸಿಗದ ಉತ್ತರಗಳು ಸಿಗುತ್ತವೆ. ಆ ಉತ್ತರಗಳನ್ನು ಕನ್ನಡದಲ್ಲಿ, ಗ್ರಾಮಸಭೆಯಲ್ಲಿ, ಕಾಯಿಲೆ ಬಿದ್ದವರ ಎದುರಿನಲ್ಲಿ ಓದಬೇಕು.

ಅಷ್ಟರವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಅಪಾಯದ ನಕ್ಷೆ ನಮ್ಮ ಕೈಯಲ್ಲಿದೆ. ಆ ನಕ್ಷೆಯಲ್ಲಿ ಬರುವ ಪಂಚಾಯಿತಿಗಳ ಮಟ್ಟಿಗೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿನ ಕೂಲಿಗೆ ಹೋಗುವ ಕುಟುಂಬಗಳಿಗೆ ಉದ್ಯೋಗ ಖಾತರಿಯಲ್ಲಿ ಊರೊಳಗಿನ ಕೆಲಸ ಮೊದಲು ಸಿಗಲಿ, ಹಣ ಅದೇ ವಾರ ಕೈಸೇರಲಿ. ಕೊಟ್ಟಿಗೆಗೆ ಹಾಸಲು ಬೇಕಾದ ಹುಲ್ಲು, ಒಲೆಗೆ ಬೇಕಾದ ಸೌದೆ ಅರಣ್ಯ ಇಲಾಖೆಯ ಡಿಪೋದಿಂದಲೇ ಆ ಆರು ತಿಂಗಳು ಮನೆಬಾಗಿಲಿಗೆ ಬರಲಿ. ದನದ ಮೈಗೆ ಉಣುಗು ಔಷಧಿ ಹಚ್ಚುವ ಪಶುವೈದ್ಯಕೀಯ ಸಹಾಯಕರ ಖಾಲಿ ಹುದ್ದೆಗಳನ್ನು ನವೆಂಬರ್ ಮುಗಿಯುವುದರೊಳಗೆ ತುಂಬಲಿ. ಈ ಕೆಲಸಗಳ ಹೊಣೆ ಹೊತ್ತ ಇಲಾಖೆಗಳ ಹಣ ಒಂದೇ ಖಾತೆಗೆ ಬಂದು, ಖರ್ಚಿನ ಅಧಿಕಾರ ತಾಲ್ಲೂಕಿನಲ್ಲಿರುವ ಒಬ್ಬ ಅಧಿಕಾರಿಗೆ ಸಿಗಲಿ. ಆ ಅಧಿಕಾರಿಯ ಹೆಸರು ಮತ್ತು ಫೋನ್ ನಂಬರ್ ಪ್ರತಿ ಹಾಲಿನ ಡೇರಿಯ ಗೋಡೆಯ ಮೇಲೆ ಇರಲಿ.