ಗಾಂಧಿ ಕ್ಲಾಸಿನಿಂದ: ಕಟೌಟ್ ಇಲ್ಲದ ಹೀರೋಗಳು

ಹಾಸನದಿಂದ ಒಬ್ಬ ತಮ್ಮ ಕಾಗದ ಬರೆದಿದ್ದಾನೆ. ಹೆಸರು ಹಾಕೋದು ಬೇಡ, ಪಾಪ, ಅವನ ಅಪ್ಪನೂ ಈ ಪುಟ ಓದ್ತಾರಂತೆ! “ಅಣ್ಣಾ, ಎಲ್ಲರ ಪಿಕ್ಚರಿಗೂ ಸೀಟಿ ಹೊಡೀತೀರಿ, ಎಲ್ಲರನ್ನೂ ಬೈತೀರಿ. ನಿಜ ಹೇಳಿ, ನೀವು ಯಾರ ಅಭಿಮಾನಿ?”

ಒಳ್ಳೇ ಇಕ್ಕಟ್ಟಿಗೆ ಸಿಕ್ಕಿಸಿದೆ ಕಣಯ್ಯಾ! ಒಬ್ಬರ ಹೆಸರು ಹೇಳಿದರೆ ಉಳಿದ ಸಂಘದವರೆಲ್ಲ ಮುಂದಿನ ವಾರ ನಮ್ಮ ಆಫೀಸಿನ ಮುಂದೆ ಹಾಜರು. ಆದರೂ ಹೇಳಿಬಿಡ್ತೀನಿ. ಇಪ್ಪತ್ತು ವರ್ಷದಿಂದ ನಾನು ಅಭಿಮಾನಿಯಾಗಿರೋದು ಯಾವ ಹೀರೋಗೂ ಅಲ್ಲ, ಒಂದು ಬ್ಯಾಂಡಿಗೆ. ಹೆಸರು ಕ್ರಿಪ್ಟೋಸ್. ಊರು ನಮ್ಮ ಬೆಂಗಳೂರೇ. ಶುರುವಾಗಿದ್ದು 1998ರಲ್ಲಿ. ಹೆವಿ ಮೆಟಲ್ ಬಾರಿಸ್ತಾರೆ.

ಬ್ಯಾಂಡ್ ಅಂದಕೂಡಲೇ ಮದುವೆ ಮೆರವಣಿಗೆ ನೆನಪು ಮಾಡ್ಕೋಬೇಡಿ. ‘ಲೈವ್ ಬ್ಯಾಂಡ್’ ಅಂತಲೂ ಮನೆಯಲ್ಲಿ ಹೇಳಬೇಡಿ! ಒಂದು ಸಂಜೆ “ಲೈವ್ ಬ್ಯಾಂಡ್ ನೋಡೋಕೆ ಹೋಗ್ತಿದೀನಿ” ಅಂತ ನಾನು ಸತ್ಯ ಹೇಳಿದ್ದಕ್ಕೆ ನಮ್ಮಪ್ಪ ಮೂರು ದಿನ ಮಾತು ಬಿಟ್ಟಿದ್ದರು. ಬೆಂಗಳೂರಲ್ಲಿ ಆ ಮಾತಿಗೆ ಬೇರೆಯೇ ಅರ್ಥ ಉಂಟಲ್ಲ, ಡಾನ್ಸ್ ಬಾರು! ಅವರಿಗೆ ತಿಳಿಸಿ ಹೇಳೋದ್ರಲ್ಲಿ ಸಾಕುಬೇಕಾಯ್ತು.

ಈ ಹುಚ್ಚು ಹಿಡಿಸಿದ್ದು ನನ್ನ ರೂಂಮೇಟು. 2004ರಲ್ಲಿ ಅವರ ಮೊದಲ ಆಲ್ಬಮ್ ‘ಸ್ಪೈರಲ್ ಅಸೆಂಟ್’ ಬಂತು. ಸಿ.ಡಿ. ಹಾಕಿ ಕೇಳಿಸಿದ. ನಾನು ಎದ್ದು ಹೋಗಿ ಸ್ಪೀಕರ್ ಹರಿದಿದೆಯಾ ಅಂತ ನೋಡಿದೆ! ಹಾಡುಗಾರ ಗಂಟಲಲ್ಲಿ ಮರಳು ತುಂಬಿಕೊಂಡವನ ಹಾಗೆ ಕಿರುಚ್ತಿದ್ದಾನೆ, ಡ್ರಮ್ಮಿನವನು ಎರಡು ಕಾಲಲ್ಲೂ ತುಳೀತಿದ್ದಾನೆ. ಪಿ.ಬಿ.ಎಸ್. ಕಂಠ ಕೇಳಿ ಬೆಳೆದ ಕಿವಿ ನಂದು, ಏನಾಗಬೇಡ ಹೇಳಿ? ಮೂರನೇ ಸಲ ಕೇಳುವಾಗ ಗುಟ್ಟು ಗೊತ್ತಾಯ್ತು. ಗಿಟಾರ್ ಎರಡಿವೆ. ಒಂದು ‘ಸ’ ಹಿಡಿದರೆ ಇನ್ನೊಂದು ‘ಗ’ ಹಿಡೀತದೆ. ಒಂದೇ ಮಟ್ಟು, ಜೋಡಿ ಎತ್ತಿನ ಹಾಗೆ ಭುಜಕ್ಕೆ ಭುಜ ಕೊಟ್ಟು ಓಡ್ತದೆ. ಆ ಕಿರುಚಾಟದ ಕೆಳಗೆ ಇಷ್ಟು ಇಂಪು ಬಚ್ಚಿಟ್ಟಿದ್ದಾರಲ್ಲ! ಅಂದ ಹಾಗೆ, ಕ್ರಿಪ್ಟೋಸ್ ಅಂದರೆ ಗ್ರೀಕ್ ಭಾಷೆಯಲ್ಲಿ ‘ಬಚ್ಚಿಟ್ಟದ್ದು’ ಅಂತಲೇ ಅರ್ಥ.

ನೀವು ಕೇಳ್ತೀರಿ ಅಂತ ಗೊತ್ತು: ಬೆಂಗಳೂರಿನವರು ಕನ್ನಡದಲ್ಲಿ ಯಾಕೆ ಹಾಡಲ್ಲ? ನನ್ನನ್ನೂ ಕಾಡೋ ಪ್ರಶ್ನೆ ಸ್ವಾಮಿ. ಉತ್ತರ ಇಲ್ಲ. ಈ ಸಂಗೀತ ಇಂಗ್ಲಿಷಲ್ಲಿ ಬಂತು, ಇವರು ಇಂಗ್ಲಿಷಲ್ಲೇ ಕಲಿತರು. ಕ್ರಿಪ್ಟೋಸ್ ಕಟ್ಟಿದವರಲ್ಲೊಬ್ಬರಾದ ಗಣೇಶ್ ಕೃಷ್ಣಸ್ವಾಮಿ ಮುಂದೆ ಇನ್ನೊಂದು ಬ್ಯಾಂಡಲ್ಲಿ ಹಾಡಿದರು, ಅದರ ಹೆಸರು ಬೇವರ್ ಸೀ! ಇಂಗ್ಲಿಷಲ್ಲಿ ಬರೆದರೆ ಯಾವುದೋ ಸಮುದ್ರ. ಜೋರಾಗಿ ಓದಿದರೆ ನಮ್ಮ ಬೀದಿಯ ಅಪ್ಪಟ ಬೈಗುಳ. ಅಲ್ಲಿಗೆ ಸ್ವಲ್ಪ ಸಮಾಧಾನ.

2007ರ ಮಾರ್ಚ್ 17. ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಶೋ. ಎಲ್ಲಿ ನೋಡಿದರೂ ಕರೀ ಟೀ-ಶರ್ಟು. ಎಲ್ಲೆಲ್ಲಿಂದಲೋ ರೈಲು ಹತ್ತಿ ಬಂದ ಹುಡುಗರು. ಹೊಸ ಪಿಕ್ಚರಿನ ಮೊದಲ ದಿನ ಕೆ.ಜಿ. ರಸ್ತೆ ತುಂಬ್ತಿತ್ತಲ್ಲ, ಹಾಗೆ! ನನ್ನ ರೂಂಮೇಟು ಕುಣಿದಾಡಿಬಿಟ್ಟ: “ಇನ್ನು ನಮ್ಮ ಹುಡುಗರ ಕಾಲ ಬಂತು ನೋಡೋ!” ಕೆಲವು ವಾರ ಕಳೆದು ನಮ್ಮೂರ ಬ್ಯಾಂಡುಗಳ ಶೋಗೆ ಹೋದೆವು. ಸುಮ್ಮನೆ ತಲೆ ಎಣಿಸಿದೆ. ನಲವತ್ತು. ಅದರಲ್ಲಿ ಬಾರಿನ ಸಪ್ಲೈಯರ್ ಮೂವರು.

ನಮ್ಮ ಸಿನಿಮಾ ಅಭಿಮಾನಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇಲ್ಲಿದೆ ನೋಡಿ. ಅಣ್ಣಾವ್ರು ನಮ್ಮನ್ನು ಅಭಿಮಾನಿ ದೇವರುಗಳು ಅಂದರು, ದೊಡ್ಡ ಮಾತು. ಆದರೆ ಥಿಯೇಟರ್ ಮುಂದೆ ಸ್ಟಾರ್ ಕಟ್ಟಿ, ಕಟೌಟಿಗೆ ಹಾಲು ಸುರಿಯೋ ಸಾವಿರ ಜನದಲ್ಲಿ ಒಂದು ದಿನ ನಾನು ಹೋಗದಿದ್ದರೆ ಏನಾಗ್ತದೆ? ಏನೂ ಇಲ್ಲ. ಹಾಲು ಸುರೀತಾ ಇರ್ತದೆ. ಇಲ್ಲಿ ನಲವತ್ತರಲ್ಲಿ ಒಬ್ಬ ಕಡಿಮೆ ಆದರೆ ಮುಂದಿನ ಸಾಲಲ್ಲಿ ತೂತು ಕಾಣ್ತದೆ. ಒಂದು ಸಲ ಶೀತ ಅಂತ ನೆಪ ಹೇಳಿ ಮನೆಯಲ್ಲೇ ಮಲಗಿದ್ದೆ. ಮುಂದಿನ ಶೋನಲ್ಲಿ ಟೀ-ಶರ್ಟ್ ಮಾರೋ ಮೇಜಿನ ಹಿಂದಿದ್ದ ಹುಡುಗ ಚಿಲ್ಲರೆ ಕೊಡ್ತಾ ಕೇಳಿದ: “ಹೋದ ಸಲ ಬರಲಿಲ್ಲ ಅಲ್ವಾ ಸಾರ್?” ಅವನಿಗೆ ನನ್ನ ಹೆಸರೂ ಗೊತ್ತಿಲ್ಲ. ಕಪಾಳಕ್ಕೆ ಹೊಡೆದ ಹಾಗಾಯ್ತು. ಆಮೇಲೆ ನನಗೆ ಶೀತವೇ ಆಗಿಲ್ಲ!

2010ರಲ್ಲಿ ಅವರು ಯೂರೋಪ್ ಸುತ್ತಿ ಬಂದರು. 2013ರಲ್ಲಿ ಜರ್ಮನಿಯ ವಾಕನ್ ಮೇಳದ ವೇದಿಕೆ ಹತ್ತಿದರು. ವಾಕನ್ ಅನ್ನೋದು ನಮ್ಮ ಕಡೆ ಒಂದು ಹಳ್ಳಿ ಇದ್ದ ಹಾಗೆ, ಎರಡು ಸಾವಿರದಷ್ಟು ಜನ. 1990ರಿಂದ ಅಲ್ಲಿ ಮೆಟಲ್ ಜಾತ್ರೆ. ಜಾತ್ರೆಗೆ ಬಂದವರು ಮುಕ್ಕಾಲು ಲಕ್ಷ! ಮಳೆ ಬಂದರೆ ಮೊಣಕಾಲುದ್ದ ಕೆಸರು, ಆದರೂ ಯಾರೂ ಕದಲಲ್ಲ. ಸುದ್ದಿ ಓದಿದ ದಿನ ನನಗೆ ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗೋ ಹಾಗಿತ್ತು. ರೂಂಮೇಟು ಅಷ್ಟೊತ್ತಿಗೆ ಕೆಲಸ ಸಿಕ್ಕಿ ಪರದೇಶ ಸೇರಿದ್ದ. ಟೀ ಅಂಗಡಿಯವರಿಗೆ ಹೇಳಿದೆ: “ನಮ್ಮ ಬೆಂಗಳೂರಿನವರು ಜರ್ಮನಿಯಲ್ಲಿ ಗೆದ್ದುಬಂದರು!” ಅವರು ಗ್ಲಾಸು ತೊಳೆಯುತ್ತಲೇ, “ಹೌದಾ? ಹಾಕಿನಾ?” ಅಂದರು. ಹೂಂ ಅಂದೆ. ಇನ್ನೇನು ಹೇಳಲಿ!

ಜರ್ಮನಿಯ ಕಂಪನಿ ಆಲ್ಬಮ್ ತಂದಿದೆ, 2024ರ ‘ಡೆಸಿಮೇಟರ್’ ಸೇರಿ ಏಳಾಯ್ತು. ಬಾಸ್, ಡ್ರಮ್ಮಿಗೆ ಬೇರೆ ಬೇರೆಯವರು ಬಂದುಹೋದರು. ನೋಲನ್ ಲೂಯಿಸ್ ಮಾತ್ರ ಮೊದಲ ದಿನದಿಂದ ಗಿಟಾರ್ ಹಿಡಿದೇ ಇದ್ದಾರೆ, ಪಕ್ಕದಲ್ಲಿ ಜೋಡಿಗೆ ರೋಹಿತ್ ಚತುರ್ವೇದಿ. ಈ ಸಂಗೀತ ನಂಬಿ ಬೆಂಗಳೂರಲ್ಲಿ ಮನೆ ಬಾಡಿಗೆ ಕಟ್ಟೋದು ಹುಡುಗಾಟದ ಮಾತಲ್ಲ. ಒಂದು ಪಿಕ್ಚರ್ ಬಿದ್ದಿತು ಅಂತ ಗಾಂಧಿನಗರ ಬಿಟ್ಟೋದ ಹೀರೋಗಳನ್ನು ಎಷ್ಟು ಜನರನ್ನ ನೋಡಿಲ್ಲ ನಾವು?

ನನ್ನದೂ ಒಂದು ಕಳ್ಳತನ ಉಂಟು, ಹೇಳಿಬಿಡ್ತೀನಿ. ಎಷ್ಟೋ ವರ್ಷ ನಾನು ಅವರ ಕೊನೇ ಹಾಡು ಕೇಳಿದವನೇ ಅಲ್ಲ. ನನ್ನ ಏರಿಯಾಕ್ಕೆ ಮೆಜೆಸ್ಟಿಕ್‌ನಿಂದ ಕೊನೇ ಬಸ್ಸು ಹನ್ನೊಂದಕ್ಕೆ. ಹತ್ತಕ್ಕೇ ಮೆಲ್ಲಗೆ ಜಾರಿಕೊಳ್ತಿದ್ದೆ. ಹಿಂದಿನಿಂದ ಗಿಟಾರ್ ಕರೀತಾ ಇರ್ತಿತ್ತು, ಕ್ಲೈಮ್ಯಾಕ್ಸ್ ಬಿಟ್ಟು ಎದ್ದು ಬಂದವನ ಹಾಗೆ ತಲೆ ತಗ್ಗಿಸಿ ನಡೀತಿದ್ದೆ. 2020ರಲ್ಲಿ ಕೊರೊನಾ ಬಂದು ಎಲ್ಲ ವೇದಿಕೆಗಳಿಗೂ ಬೀಗ ಬಿತ್ತು ನೋಡಿ, ಆಗ ಭಯ ಹತ್ತಿತು. ಕೊನೇ ಹಾಡು ಅಂತ ಒಂದು ಇನ್ನು ಇರ್ತದೋ ಇಲ್ಲವೋ!

ಬೀಗ ತೆಗೆದ ಮೇಲಿನ ಮೊದಲ ಶೋಗೆ ಹೋದವನು ಹತ್ತು ಗಂಟೆಗೆ ವಾಚು ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಕೊನೇ ಹಾಡು ಕೇಳಿದೆ. ಹೇಗಿತ್ತು ಅಂತ ಮಾತ್ರ ಕೇಳಬೇಡಿ, ಬರೆಯೋಕೆ ಬರಲ್ಲ. ಕತ್ತು ನಾಲ್ಕು ದಿನ ತಿರುಗಲಿಲ್ಲ, ಅಷ್ಟು ಹೇಳಬಲ್ಲೆ.

ಬಸ್ಸು ಹೋಗಿತ್ತು. ನಡೆದುಕೊಂಡೇ ಮೆಜೆಸ್ಟಿಕ್ ಸೇರಿ ಬೆಳಗಿನ ಮೊದಲ ಬಸ್ಸಿಗೆ ಕಾಯ್ತಾ ಕೂತೆ. ಸೈಕಲ್ಲಿನಲ್ಲಿ ಟೀ ಮಾರೋ ಹುಡುಗ ಬಂದ. ಲೋಟ ಕೈಗಿಟ್ಟು ನನ್ನ ಕರೀ ಟೀ-ಶರ್ಟಿನ ಚಿತ್ರವನ್ನೇ ದಿಟ್ಟಿಸಿ ನೋಡಿದ.

“ಯಾವ ಪಿಕ್ಚರ್ ಸಾರ್ ಇದು? ಯಾವಾಗ ರಿಲೀಸು?”

ಪಕ್ಕಕ್ಕೆ ಜರುಗಿ ಅವನಿಗೂ ಜಾಗ ಮಾಡಿದೆ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.